ಕಾರಿನ ನೀರು

“ನಿನ್ನ ಬೆವರು ಬಿತ್ತು ನೋಡೇ ಬಾನೆಟ್ ಮೇಲೆ. ಒರೆಸು. ಬರಿಗೈಲಿ ಅಲ್ಲ ಮುಂಡೇದೆ, ಬಟ್ಟೇಲಿ.”

ಸಾಹೇಬ ಹೀಗೆ ಅಂದದ್ದು ನಮ್ಮತ್ತಿಗೆಗೆ. ಕಾರು ತೊಳೆಯುವ ಶೆಡ್ಡಿನ ಓನರ್ ತನ್ನ ತಿರುಗುವ ಕುರ್ಚಿಯನ್ನೇ ಕೋಣೆಯಿಂದ ತಂದು ಹಾಕಿದ್ದ. ಸಾಹೇಬ ಅದರಲ್ಲಿ ಕೂತು, ಅತ್ತಿಗೆ ಕಾರಿನ ಯಾವ ಮಗ್ಗುಲಿಗೆ ಹೋದರೆ ಆ ಮಗ್ಗುಲಿಗೆ ಹೊಟ್ಟೆ ಸಮೇತ ತಿರುಗುತ್ತಿದ್ದ. ಅತ್ತಿಗೆ ಬಟ್ಟೆಯಲ್ಲಿ ಒರೆಸಿದಳು. ಇನ್ನೊಂದು ಹನಿ ಬೀಳುವ ಮುಂಚೆ ಮುಖವನ್ನು ತೋಳಿಗೆ ಉಜ್ಜಿಕೊಂಡಳು.

ಈತ ಊರಿಗೆ ನೀರು ಬಿಡುವ ಕಚೇರಿಯ ಸಾಹೇಬ. ಶುಕ್ರವಾರ ಕಚೇರಿಯ ಮುಂದೆ ಹೊಸ ಕಾರಂಜಿಯ ಉದ್ಘಾಟನೆ ಇತ್ತು. ಅದಕ್ಕೆ ದೊಡ್ಡ ಸಾಹೇಬರು ಬರುವವರಿದ್ದರು. ಅವರನ್ನು ಸ್ಟೇಷನ್ನಿನಿಂದ ಕೂರಿಸಿಕೊಂಡು ಬರುವ ಭಾಗ್ಯ ಈ ಕಪ್ಪು ಕಾರಿಗೆ ಒದಗಿತ್ತು.

“ಅವರ ಮುಖ ಇದರಲ್ಲಿ ಕಾಣಬೇಕು,” ಅಂದಿದ್ದ ಸಾಹೇಬ. “ಮುಖ ಅಂದ್ರೆ ಮಸುಕು ಮಸುಕಾಗಿ ಅಲ್ಲ. ಮೂಗಿನ ಮೇಲಿನ ಮಚ್ಚೆ ಸಮೇತ ಕಾಣಬೇಕು.”

ಕಪ್ಪಿನಷ್ಟು ಚಾಡಿಕೋರ ಬಣ್ಣ ಇನ್ನೊಂದಿಲ್ಲ. ಬಿಳಿ ಕಾರು ಗೀರುಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಮರ್ಯಾದಸ್ಥನ ಹಾಗೆ ಓಡಾಡುತ್ತದೆ. ಕಪ್ಪು ಹಾಗಲ್ಲ. ಯಾರು ಒರಟು ಬಟ್ಟೆ ಆಡಿಸಿದರು, ಯಾರು ಧೂಳಿನ ಮೇಲೆ ಕೈ ಎಳೆದರು ಅನ್ನುವುದನ್ನೆಲ್ಲ ಬಿಸಿಲಿಗೆ ಬಂದ ಕೂಡಲೇ ಒದರಿಬಿಡುತ್ತದೆ. ಅದನ್ನು ತೊಳೆದು, ಅಂಟಿದ ಮರಳಿನ ಕಣ ಬಿಡಿಸಿ, ಒಣಗಿಸುವುದು ನನ್ನ ಕೆಲಸ. ಆಮೇಲೆ ಮಷಿನ್ನಿನಲ್ಲಿ ಗೀರು ತೆಗೆದು, ಪಾಲಿಶ್ ಎಳೆದು, ಮೇಣ ಹಚ್ಚುವುದು ಅತ್ತಿಗೆಯ ಕೆಲಸ. ಮೊದಲು ಅದನ್ನು ನಮ್ಮಣ್ಣ ಮಾಡುತ್ತಿದ್ದ. ಹನ್ನೆರಡು ವರ್ಷ ಆ ಗುಂಯ್‌ಗುಡುವ ಮಷಿನ್ ಹಿಡಿದೂ ಹಿಡಿದೂ ಅವನ ಎರಡೂ ಕೈ ಜೋಮು ಹಿಡಿದುಹೋದವು. ಈಗ ಲೋಟ ಎತ್ತಿದರೆ ಅರ್ಧ ಚೆಲ್ಲುತ್ತದೆ. ಅವನು ಬಿಟ್ಟ ಮಷಿನ್ನನ್ನು ಮಾರನೇ ದಿನ ಅತ್ತಿಗೆ ಹಿಡಿದಳು. ಹೆಂಗಸು ಏನು ಕಿಸಿಯುತ್ತಾಳೆ ಅಂದ ಓನರ್ ತಿಂಗಳೊಳಗೆ, ಕಪ್ಪು ಕಾರು ಬಂದರೆ ಅವಳನ್ನೇ ಕರೆಯಿರಿ ಅನ್ನತೊಡಗಿದ.

ಮೊದಲ ದಿನವೇ ಸಾಹೇಬ ನನ್ನಿಂದ ಶರ್ಟು ಬಿಚ್ಚಿಸಿದ. ಗುಂಡಿ ಬಣ್ಣಕ್ಕೆ ತಾಗುತ್ತದಂತೆ. ಪ್ಯಾಂಟಿಗೂ ಗುಂಡಿ ಇದೆಯಲ್ಲ ಅಂದ ಓನರ್, ಸಾಹೇಬನನ್ನು ನಗಿಸಲಿಕ್ಕೆ. ಸಾಹೇಬ ನಕ್ಕ. ಓನರ್ ಇನ್ನೂ ಜೋರಾಗಿ ನಕ್ಕ. ನಾನು ಪ್ಯಾಂಟಿನ ಗುಂಡಿಯ ಮೇಲೆ ಹಳೇ ಟವೆಲ್ ಸುತ್ತಿಕೊಂಡು ಚಕ್ರ ತಿಕ್ಕಿದೆ.

ಬೋರಿನ ನೀರು ಒಣಗಿದರೆ ಕಪ್ಪಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ಅದಕ್ಕೆ ಸಾಹೇಬ ಕಚೇರಿಯಿಂದ ಒಂದು ಟ್ಯಾಂಕರ್ ಸಿಹಿನೀರು ಕಳಿಸಿದ್ದ. ಶೆಡ್ಡಿನ ಹಿಂದಿನ ನಮ್ಮ ಬೀದಿಯ ನಲ್ಲಿಯಲ್ಲಿ ಆಗ ಹನ್ನೊಂದು ದಿನದಿಂದ ನೀರಿರಲಿಲ್ಲ. ಟ್ಯಾಂಕರ್ ಬೀದಿಯೊಳಗೆ ತಿರುಗಿದಾಗ ಹೆಂಗಸರು ನಮಗೇ ಬಂತು ಅಂದುಕೊಂಡು ಹಿಂದೆ ಓಡಿದರಂತೆ. ಅದು ಶೆಡ್ಡಿನ ಗೇಟಿನೊಳಗೆ ಹೋದದ್ದು ನೋಡಿ ಗೇಟಿನ ಹೊರಗೇ ನಿಂತರಂತೆ.

ಎರಡನೇ ದಿನ ಸಂಜೆ ನಾನು ಒಂದು ಕ್ಯಾನು ತುಂಬಿಕೊಂಡೆ. ಮನೆಯಲ್ಲಿ ಅವ್ವನಿಗೆ ಜ್ವರ. ಕದಿಯಲಿಲ್ಲ, ಎದುರು ಹಿಡಿದೇ ಕೇಳಿದೆ.

“ಸಾಹೇಬ್ರೆ, ಇದೊಂದು ಕ್ಯಾನು ಮನೆಗೆ ಒಯ್ತೀನಿ. ಅವ್ವ ಮಲಗಿದ್ದಾಳೆ.”

“ಏನದು?”

“ನೀರು, ಸಾಹೇಬ್ರೆ.”

“ಯಾರ ನೀರು?”

ಉತ್ತರವನ್ನೂ ಸಾಹೇಬನೇ ಹೇಳಿದ.

“ಇದು ಕಾರಿನ ನೀರು. ಆ ಟೈರ್ ಮೇಲೆ ಹುಯ್ಯಿ. ನಿಧಾನಕ್ಕೆ ಹುಯ್ಯಿ, ಮಣ್ಣು ಹಾರಬಾರದು.”

ಹುಯ್ದೆ. ಕೊನೆಯ ಹನಿಯವರೆಗೂ ನೋಡುತ್ತ ಕೂತಿದ್ದ. ಅತ್ತಿಗೆ ಮಷಿನ್ ಆರಿಸಿದಳು.

“ಸಾಹೇಬ್ರೆ, ನಮ್ಮ ಬೀದಿ ನಲ್ಲೀಲಿ ಹನ್ನೊಂದು ದಿನದಿಂದ ನೀರಿಲ್ಲ. ಮೂರು ಸಲ ಅರ್ಜಿ ಕೊಟ್ಟಿದ್ದೀವಿ.”

“ಗೊತ್ತು. ನಾನೇ ನಿಲ್ಲಿಸಿರೋದು,” ಅಂದ ಸಾಹೇಬ, ಏನೂ ಬೇಜಾರಿಲ್ಲದೆ. “ನಿಮ್ಮ ಬೀದಿಗೆ ಬಿಟ್ರೆ ಕಾರಂಜಿ ಮೇಲೆ ಏಳಲ್ಲ. ದೊಡ್ಡೋರು ಬಂದು, ಮುದುಕ ಉಚ್ಚೆ ಹುಯ್ದಂಗಿರೋ ಕಾರಂಜಿ ನೋಡಬೇಕಾ? ಕೆಲಸ ನೋಡು.”

ಓನರ್ ಮತ್ತೆ ನಕ್ಕ. ಅತ್ತಿಗೆ ಮಷಿನ್ ಹಾಕಿದಳು. ನಾನು ಒಳಗೊಳಗೇ ಸಾಹೇಬನ ಏಳು ತಲೆಮಾರನ್ನು ಸಾಲಾಗಿ ನಿಲ್ಲಿಸಿ ಬೈದೆ. ಆ ಸದ್ದಿನಲ್ಲಿ ಬಾಯಿಬಿಟ್ಟು ಬೈದಿದ್ದರೂ ನಡೆಯುತ್ತಿತ್ತೇನೋ. ಧೈರ್ಯ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಸಾಹೇಬ ಇನ್ನೂ ಬಂದಿರಲಿಲ್ಲ. ಓನರ್ ಒಳಗೆ ತಿಂಡಿಗೆ ಕೂತಿದ್ದ. ಕಾರು ಮುಗಿದಿತ್ತು. ಮೇಲಿನ ಟ್ಯೂಬ್‌ಲೈಟು ಬಾನೆಟ್ಟಿನೊಳಗೆ ಹಾಲಿನ ಗೆರೆಯ ಹಾಗೆ ಬಿದ್ದಿತ್ತು, ಒಂದು ನೊಣ ಕೂರಲು ಬಂದು ಜಾರಿಹೋಯಿತು. ಕೊನೆಯ ಸಲ ಮೇಣ ಹಚ್ಚುವುದಷ್ಟೇ ಬಾಕಿ. ಅತ್ತಿಗೆ ಡಬ್ಬಿ ತೆಗೆಯಲಿಲ್ಲ. ಬಣ್ಣ ಉಜ್ಜುವ ಎಮರಿ ಪೇಪರಿನಲ್ಲಿ ಎಲ್ಲಕ್ಕಿಂತ ನಯವಾದದ್ದನ್ನು ಬೆರಳಗಲ ಹರಿದು, ನೀರಿಗೆ ಅದ್ದಿ, ಬಾನೆಟ್ಟಿನ ಮೇಲೆ ಬಾಗಿದಳು.

“ಏನು ಮಾಡ್ತಿದ್ದೀಯ ಅತ್ತಿಗೆ?”

“ಅರ್ಜಿ ಬರೀತಿದ್ದೀನಿ. ಬಾಗಿಲು ನೋಡ್ಕೋ.”

ನಾನು ಓಡಿಹೋಗಿ ಬಾಗಿಲಲ್ಲಿ ನಿಂತೆ. ಅವಳ ಕೈ ಮಾತ್ರ ಮಗುವಿನ ತಲೆ ಸವರುವಷ್ಟು ಹಗುರವಾಗಿ ಆಡುತ್ತಿತ್ತು. ಬಾನೆಟ್ಟಿನ ಉದ್ದಗಲಕ್ಕೂ ಎರಡೇ ಅಕ್ಷರ ಬರೆದಳು. ಕಪ್ಪು ಆ ಜಾಗದಲ್ಲಿ ಮಂಕಾಯಿತು. ಅದರ ಮೇಲೆ ಮೇಣ ಹಚ್ಚಿ, ಮೆತ್ತನೆ ಬಟ್ಟೆಯಲ್ಲಿ ತಿಕ್ಕಿದಳು. ಟ್ಯೂಬ್‌ಲೈಟಿನ ಕೆಳಗೆ ಅಕ್ಷರ ಕಾಣೆಯಾದವು.

ಹತ್ತು ಗಂಟೆಗೆ ಸಾಹೇಬ ಬಂದು ಕಾರಿನ ಬಾಗಿಲ ಮೇಲೆ ತನ್ನ ಮುಖ ನೋಡಿಕೊಂಡ. ಹಲ್ಲು ನೋಡಿಕೊಂಡ. ಮೂಗಿನೊಳಗಿನ ಒಂದು ಕೂದಲನ್ನೂ ಅಲ್ಲೇ ಕಿತ್ತುಕೊಂಡ. “ಪರವಾಗಿಲ್ಲ” ಅಂದ. ದಾರಿಯಲ್ಲಿ ಧೂಳು ಕೂತರೆ ಹೊಡೆಯಲಿಕ್ಕೆ ನನ್ನನ್ನು ಡ್ರೈವರ್ ಪಕ್ಕ ಕೂರಿಸಿದರು, ಸೀಟಿನ ಮೇಲೆ ಪೇಪರ್ ಹಾಸಿ. ಸ್ಟೇಷನ್ನಿನ ಚಾವಣಿಯ ನೆರಳಿನಲ್ಲಿ ದೊಡ್ಡ ಸಾಹೇಬರು ಹತ್ತಿದರು. ದಾರಿಯುದ್ದಕ್ಕೂ ಮರಗಳಿದ್ದವು.

ಕಚೇರಿಯ ಮುಂದೆ ಮರ ಇರಲಿಲ್ಲ. ಕಾರಂಜಿ ಕಾಣಲೆಂದು ಕಡಿದಿದ್ದರು. ಕಾರು ಹನ್ನೊಂದರ ಬಿಸಿಲಿಗೆ ಬಂದು ನಿಂತಿತು. ದೊಡ್ಡ ಸಾಹೇಬರು ಇಳಿದರು, ಮುಂದಕ್ಕೆ ಎರಡು ಹೆಜ್ಜೆ ಇಟ್ಟು ಹಿಂದಿರುಗಿ ನೋಡಿದರು. ಹಾರ ಹಿಡಿದವರೂ ಅತ್ತಲೇ ನೋಡಿದರು. ಕಪ್ಪು ಬಾನೆಟ್ಟಿನ ಆಳದಿಂದ ಬೆಳ್ಳಗೆ, ಕೈ ಉದ್ದದ ಅಕ್ಷರಗಳಲ್ಲಿ ಎದ್ದು ಬಂದಿತ್ತು: ನೀರು.

ನಮ್ಮ ಸಾಹೇಬನ ಮುಖ ಸುಣ್ಣವಾಯಿತು.

“ಇದು ಯಾರ ಐಡಿಯಾ?” ಅಂದರು ದೊಡ್ಡ ಸಾಹೇಬರು.

ಎಲ್ಲರೂ ಸಾಹೇಬನ ಕಡೆ ತಿರುಗಿದರು.

“ಬಹಳ ಚೆನ್ನಾಗಿದೆ. ನಮ್ಮ ಇಲಾಖೆ ಅಂದ್ರೆ ಏನು? ನೀರು. ಒಂದೇ ಮಾತು. ಬಿಸಿಲಿಗೆ ಬಂದಾಗ ಮಾತ್ರ ಕಾಣುತ್ತೆ, ಎಂಥ ಅರ್ಥ ಇದೆ ನೋಡಿ.” ಅವರು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಸಾಹೇಬನೂ ತಟ್ಟಿದ, ಹಲ್ಲು ಕಿರಿದು, ಬೆವರುತ್ತಾ. ಅವನ ಹಿಂದೆ ಕಾರಂಜಿ ಎರಡಾಳೆತ್ತರ ಚಿಮ್ಮಿತು. ಇಲಾಖೆಯ ಎಲ್ಲ ಕಾರಿಗೂ ಹೀಗೇ ಬರೆಸಿ, ಸೋಮವಾರ ಊರಿನಲ್ಲಿ ಸಾಲಾಗಿ ಓಡಿಸಿ ಅಂತ ಅಪ್ಪಣೆಯಾಯಿತು.

ಮಾರನೇ ದಿನ ಶೆಡ್ಡಿನ ಮುಂದೆ ಇಲಾಖೆಯ ಉಳಿದೆರಡು ಕಪ್ಪು ಕಾರು ಬಂದು ನಿಂತವು. ಹಿಂದೆ ಸಾಹೇಬ. ಇವತ್ತು ಅವನು ಕುರ್ಚಿಯಲ್ಲಿ ಕೂರಲಿಲ್ಲ. ಓನರನ್ನು ಹೊರಗೆ ಕಳಿಸಿ, ಅತ್ತಿಗೆಯ ಕಿವಿಯ ಹತ್ತಿರ ಬಂದ.

“ನೀನು ಯಾಕೆ ಬರೆದೆ ಅಂತ ನನಗೊತ್ತು, ಬೇವರ್ಸಿ. ದೊಡ್ಡೋರು ಮೆಚ್ಚದೇ ಹೋಗಿದ್ರೆ ಚರ್ಮ ಸುಲಿದುಬಿಡ್ತಿದ್ದೆ.”

“ಸುಲೀರಿ. ಯಾಕೆ ಸುಲಿದ್ರಿ ಅಂತ ದೊಡ್ಡೋರು ಕೇಳಿದ್ರೆ ಏನಂತೀರಿ?”

ಸಾಹೇಬ ಒಂದು ಹೆಜ್ಜೆ ಹಿಂದೆ ಸರಿದ.

“ನಲ್ಲೀಗೆ ನೀರು ಯಾವಾಗ ಬಿಡ್ತೀರಿ?”

“ಮೊದಲು ಇದನ್ನ ಬರೆದು ಮುಗಿಸು. ಆಮೇಲೆ ನೋಡೋಣ.”

ಮೂರು ಅರ್ಜಿಗೂ ಕಚೇರಿಯಲ್ಲಿ ಇದೇ ಉತ್ತರ ಬಂದಿತ್ತು. ಅವನು ಹೋದ ಮೇಲೆ ಅತ್ತಿಗೆ ಎಮರಿ ಪೇಪರ್ ಹರಿದು, ಮೊದಲ ಕಾರಿನ ಮೇಲೆ ಬಾಗಿದಳು. ಬರೆದದ್ದು ‘ನೀರು’ ಅಲ್ಲ. ‘ಎಲ್ಲಿ’.

“ಸಾಲಲ್ಲಿ ಸಾಹೇಬನ ಕಾರು ಮುಂದೆ, ಇದು ಅದರ ಹಿಂದೆ,” ಅಂದಳು.

ನನಗೆ ನಗು ಬಂತು, ಹೆದರಿಕೆಯೂ ಬಂತು. “ಕೆಲಸ ಹೋಗುತ್ತೆ ಅತ್ತಿಗೆ.”

“ಹೋಗುತ್ತೆ.” ಅವಳು ಇನ್ನೊಂದು ಚೂರು ಪೇಪರ್ ಹರಿದು ನನ್ನ ಕೈಗೆ ಕೊಟ್ಟಳು. “ಮೂರನೇದು ನೀನು ಬರಿ.”

“ನಾನಾ? ನನಗೆ ಬೈಯೋದು ಬಿಟ್ಟು ಇನ್ನೇನು ಬರುತ್ತೆ?”

“ಅದನ್ನೇ ಬರಿ,” ಅಂದಳು ಅತ್ತಿಗೆ, ಮೇಣದ ಡಬ್ಬಿ ತೆಗೆಯುತ್ತ. “ಕಾಗುಣಿತ ತಪ್ಪಬೇಡ.”

ನಾನು ಶರ್ಟಿನ ತೋಳು ಮಡಿಸಿ, ಬಾನೆಟ್ಟಿಗೆ ಎದೆಯ ಗುಂಡಿ ತಾಗಿಸಿಯೇ ಬಾಗಿದೆ.