ಕೆಮ್ಮಣ್ಣಿನ ಗೋಡೆ

ಬೇಡ ಅಂದದ್ದನ್ನು ಮಾಡದಿದ್ದರೆ ಪಾರ್ವತವ್ವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಆದರೆ ಯಲ್ಲಾಪುರದ ಆ ಓಣಿಗೆ ಯಾರೇ ಹೊಸದಾಗಿ ಬರಲಿ, ಮೊದಲ ದಿನದ ಊಟ ಆ ವಿಧವೆಯ ಮನೆಯದೇ. ಜೊತೆಗೆ ಬುದ್ಧಿಮಾತೂ ಪುಕ್ಕಟೆ.

ಅರವತ್ತನೆಯ ಇಸವಿಯ ಬೇಸಿಗೆಯಲ್ಲಿ ಪಕ್ಕದ ಖಾಲಿ ಮನೆಯನ್ನು ಲಾರಿ ಡ್ರೈವರ್ ರಸೂಲ್ ಬಾಡಿಗೆಗೆ ಹಿಡಿದ. ಕೀಲಿಕೈ ಪಾರ್ವತವ್ವನಿಗೆ ಕೊಟ್ಟು, ಬಸುರಿ ಹೆಂಡತಿಯನ್ನು ಕರೆತರಲು ಹುಬ್ಬಳ್ಳಿಗೆ ಹೋದ. ಅಷ್ಟರಲ್ಲಿ ಮಲೇರಿಯಾ ಇಲಾಖೆಯ ಕಲ್ಲಯ್ಯ ಪಂಪು ಹೊತ್ತು ಬಂದು ಓಣಿಯ ಮನೆಗಳಿಗೆಲ್ಲ ಡಿ.ಡಿ.ಟಿ. ಹೊಡೆದ. ಆ ಮನೆಗೂ ಹೊಡೆದ.

"ಮಳಿಗಾಲ ಮುಗಿಯೂತನಕ ಗ್ವಾಡಿ ಸಾರಸಬ್ಯಾಡ್ರಿ, ಅವ್ವಾರ," ಎಂದು ಹೇಳಿಯೇ ಹೋದ.

ಗೋಡೆಯ ತುಂಬ ಬಿಳಿ ಕಲೆ, ಮೂಗು ಮುಚ್ಚಿಕೊಳ್ಳುವಂಥ ನಾತ.

"ಬಸರಿ ಹೆಣ್ಣಮಗಳು ಕಾಲಿಡೂ ಮನಿ ಇದು. ಸರ್ಕಾರಕ್ಕ ಏನ್ ತಿಳೀತದ?" ಎಂದು ಗೊಣಗಿ, ಪಾರ್ವತವ್ವ ಸೆರಗು ಸಿಕ್ಕಿಸಿ, ಕೆಮ್ಮಣ್ಣು ಕಲಸಿ, ನಾಲ್ಕೂ ಗೋಡೆ ಬಳಿದಳು. ಸೊಂಟ ಹಿಡಿದುಕೊಂಡಿತು, ಆದರೂ ಅವಳಿಗೆ ಖುಷಿಯೋ ಖುಷಿ.

ರಸೂಲನ ಹೆಂಡತಿ ರಹೀಮಾ ಬಂದವಳೇ ಗೋಡೆ ಮುಟ್ಟಿ ನೋಡಿ, "ತವರಮನಿಗೆ ಬಂದಂಗಾತು," ಎಂದಳು. ತಾಯಿಯಿಲ್ಲದ ಹುಡುಗಿ. ಅವತ್ತಿನಿಂದ ಪಾರ್ವತವ್ವನೇ ಅವಳಿಗೆ ಅವ್ವ. ಪಾರ್ವತವ್ವ ಹಳೆಯ ಸೀರೆ ಹರಿದು ಬರುವ ಕೂಸಿಗೆ ಕುಲಾವಿ ಹೊಲಿದಿಟ್ಟಳು.

ಮಳೆ ಹಿಡಿದ ಮೇಲೆ ರಹೀಮಾಳಿಗೆ ಚಳಿಜ್ವರ ಬಂತು. ಹೊಸ ನೀರಿನ ಜ್ವರವೆಂದು ಪಾರ್ವತವ್ವ ಕಂಬಳಿಯ ಮೇಲೆ ಕಂಬಳಿ ಹೊದಿಸಿ ಕಷಾಯ ಕುಡಿಸಿದಳು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ತಡವಾಗಿತ್ತು. ರಹೀಮಾ ಉಳಿದಳು, ಹೊಟ್ಟೆಯಲ್ಲಿದ್ದ ಏಳು ತಿಂಗಳ ಗಂಡುಕೂಸು ಉಳಿಯಲಿಲ್ಲ.

ಅವಳು ಮನೆಗೆ ಬಂದ ಮೇಲೆ, ಜ್ವರ ಬಂದ ಮನೆಯೆಂದು ಕಲ್ಲಯ್ಯ ರಕ್ತ ತೆಗೆಯಲು ಬಂದ. ಗೋಡೆ ನೋಡಿ ಹಣೆ ಬಡಿದುಕೊಂಡ.

"ಸೊಳ್ಳಿ ಬಂದು ಕೂಡೂದ ಗ್ವಾಡಿ ಮ್ಯಾಲ. ಔಷಧ ಇದ್ದಿದ್ರ ಅಲ್ಲೇ ಸಾಯ್ತಿದ್ವು. ಅದರ ಮ್ಯಾಲ ಮಣ್ಣು ಬಳದ್ರ ಜ್ವರ ಬರದ ಏನಾದೀತು? ಪಾರ್ವತವ್ವಾರ, ನಿಮಗ ಹೇಳಿ ಹೋಗಿದ್ನೆಲ್ಲ! ಯಾರು ಬಳದವರು?"

ಪಾರ್ವತವ್ವನ ಕಣ್ಣು ಗೋಡೆಯ ಮೇಲೇ ನೆಟ್ಟಿತು. ರಹೀಮಾ ಅವಳ ಮುಖ ನೋಡಿದಳು. ನೋಡಿದ್ದೇ ಎಲ್ಲ ತಿಳಿಯಿತು.

"ಅವ್ವ ಬ್ಯಾಡಂತ ಹೇಳಿದ್ಲರಿ," ಎಂದಳು ರಹೀಮಾ. "ನಾನ ಕೇಳಲಿಲ್ಲ. ನಾನ ಬಳದೆ."

ಕಲ್ಲಯ್ಯ ಬಾಯಿಗೆ ಬಂದಂತೆ ಬೈದ. ಕೂಸು ಕಳೆದುಕೊಂಡವಳು ತಲೆ ತಗ್ಗಿಸಿ ಅಷ್ಟನ್ನೂ ಕೇಳಿದಳು. ಊರಿಗೆಲ್ಲ ಬುದ್ಧಿ ಹೇಳುವ ಪಾರ್ವತವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅವನು ಹೋದ ಮೇಲೆ ಅವಳು ಗೋಡೆಯ ಮುಂದೆ ಕುಸಿದು ಕೂತು, ಉಗುರಿನಿಂದ ಮಣ್ಣು ಕೆರೆಯತೊಡಗಿದಳು. ಅಳು ಒತ್ತರಿಸಿ ಬರುತ್ತಿತ್ತು. ರಹೀಮಾ ಬಂದು ಆ ಕೈ ಹಿಡಿದಳು.

"ಏಳವ್ವಾ," ಎಂದಳು. "ಮುಂಜಾನಿಂದ ಏನೂ ತಿಂದಿಲ್ಲ ನೀ. ಉಣ್ಣೂಣು ಬಾ."