ಪುಟ್ಟತಾಯಮ್ಮನ ಎದೆಗೆ ಬಿದ್ದ ಒಂದು ಚಮಚ

ಬಿಂಡಿಗನವಿಲೆಯ ಪುಟ್ಟತಾಯಮ್ಮ ಬೈಯುವಾಗ ನಾಲ್ಕು ಮಾತಿಗೊಮ್ಮೆ ನಿಲ್ಲುತ್ತಿದ್ದಳು. ಬಲಗೈ ಸೊಂಟಕ್ಕೆ, ಎಡಗೈ ಎದೆಗೆ, ಕಣ್ಣು ಎದುರಿನವನ ಹಣೆಯ ಮೇಲೆ. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತಿನ ಆ ಮೌನದಲ್ಲಿ, ಬೈಸಿಕೊಳ್ಳುವವನು ಮುಂದೆ ಬರಲಿರುವುದನ್ನು ತಾನೇ ಊಹಿಸಿಕೊಂಡು ಅರ್ಧ ಕರಗಿರುತ್ತಿದ್ದ. ಊರು ಅದನ್ನು ವಾಕ್ಚಾತುರ್ಯವೆಂದು ತಿಳಿದಿತ್ತು. ಅದು ಉಸಿರಿನ ಅಭಾವವೆಂದು ಬಹುಕಾಲ ಯಾರಿಗೂ ಹೊಳೆದಿರಲಿಲ್ಲ, ಅವಳಿಗೂ.

ಅವಳು ಕಮ್ಮಾರ ಚಂದ್ರಶೇಖರಾಚಾರಿಯ ಹೆಂಡತಿ. ಇಪ್ಪತ್ತಾರು ವರ್ಷ ಅವನ ಕುಲುಮೆಯಲ್ಲಿ ಕೂತು ಚರ್ಮದ ತಿದಿಯೊತ್ತಿ ಬೆಂಕಿಗೆ ಗಾಳಿಯೂದಿದವಳು. ಸೀರೆಯ ಮೇಲೆ ಗಂಡನ ಹಳೆಯ ಬೂದು ಕೋಟು. ಕಿಡಿ ಹಾರಿ ತೂತುಬಿದ್ದ ಅದರ ತೋಳುಗಳನ್ನು ಬೆಳಕಿಗೆ ಹಿಡಿದರೆ ಜರಡಿ. ಮದುವೆಗೂ ಅದೇ, ಸಾವಿಗೂ ಅದೇ. ಪ್ಯಾಕೆಟ್ಟು ಸಾರಾಯಿ ಊರಿಗೆ ಬಂದು ಆಚಾರಿಯ ಸುತ್ತಿಗೆ ಗುರಿ ತಪ್ಪತೊಡಗಿದಾಗ, ತೊಂಬತ್ತಮೂರರಲ್ಲಿ, ಆ ಕೋಟು ತೊಟ್ಟೇ ಹೊಸ್ತಿಲಿಗೆ ಅಡ್ಡ ನಿಂತು ಅವಳು ಸಾರಿದ್ದಳು: “ಆ ನೀರು ಈ ವಸ್ಲು ದಾಟುದ್ರೆ ತಿದಿ ಮುಟ್ಟಾಕಿಲ್ಲ.” ಗಾಳಿಯಿಲ್ಲದೆ ಬೆಂಕಿಯಿಲ್ಲ, ಬೆಂಕಿಯಿಲ್ಲದೆ ಅನ್ನವಿಲ್ಲ. ಆಚಾರಿ ಬಿಟ್ಟ. ಅಂದಿನಿಂದ ಅವಳು ಇಡೀ ಊರಿನ ಕುಡುಕರನ್ನು ತನ್ನ ಸುಪರ್ದಿಗೆ ತೆಗೆದುಕೊಂಡಳು.

ಅಷ್ಟರಲ್ಲಿ ಉಸಿರು ಕೈಕೊಡುತ್ತ ಬಂತು. ಪೇಟೆಯ ಡಾಕ್ಟರೊಬ್ಬ ನಾಲ್ಕು ವರ್ಷ “ಗ್ಯಾಸು” ಎಂದು ಗುಳಿಗೆ ಕೊಟ್ಟ. ನಮ್ಮಲ್ಲಿ ಗಂಡಸಿನ ಎದೆ ನೊಂದರೆ ಹೃದಯ, ಹೆಂಗಸಿನ ಎದೆ ನೊಂದರೆ ಗ್ಯಾಸು. ಈ ಶರೀರಶಾಸ್ತ್ರವನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ನಾನರಿಯೆ. ತೊಂಬತ್ತೆಂಟರ ಬೇಸಿಗೆಯಲ್ಲಿ, ಬಸ್ಸಿನ ಹಿಂದೆ ನಾಲ್ಕು ಹೆಜ್ಜೆ ಓಡಿದ್ದಕ್ಕೆ ಅವಳು ಪ್ರಜ್ಞೆ ತಪ್ಪಿ ಬಿದ್ದ ಮೇಲೆ, ಆಚಾರಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದ.

ಅಲ್ಲಿ ಹೇಮಶ್ರೀ ಎಂಬ ಕಿರಿಯ ವೈದ್ಯೆ, ಪರದೆಯ ಮೇಲೆ ಮಿಡಿಯುವ ಹೃದಯವನ್ನು ತೋರಿಸಿ ವಿವರಿಸಿದಳು: “ನಿಮ್ಮ ಹೃದಯಕ್ಕೆ ಶಕ್ತಿ ಕಮ್ಮಿಯಿಲ್ಲಮ್ಮ. ನಡುವಿನ ಗೋಡೆ ದಪ್ಪವಾಗಿ, ರಕ್ತ ಆಚೆ ಹೋಗುವ ದಾರಿಗೇ ಅಡ್ಡ ಬಂದಿದೆ. ಜೋರಾಗಿ ಹಿಂಡಿದಷ್ಟೂ ದಾರಿ ಮುಚ್ಚಿಕೊಳ್ಳುತ್ತೆ.”

“ತಿದಿ ಚೆಂದಾಗದೆ, ಮೂತಿ ಕಟ್ಕಂಡದೆ ಅನ್ನು. ಅದ್ಕೆ ಇಷ್ಟುದ್ದ ಕತೆ ಯಾಕವ್ವ?”

ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಆ ಗೋಡೆಗೆ ರಕ್ತವೂಡುವ ನಾಳದೊಳಕ್ಕೆ ಒಂದು ಪುಟ್ಟ ಚಮಚದಷ್ಟು ಶುದ್ಧ ಆಲ್ಕೋಹಾಲು ಬಿಟ್ಟರೆ ಅಷ್ಟು ಮಾಂಸ ಸತ್ತು, ಕುಗ್ಗಿ, ದಾರಿ ಬಿಡುತ್ತದೆ ಎಂದಳು ವೈದ್ಯೆ. ಹೊಸ ಚಿಕಿತ್ಸೆ, ಅಪಾಯವಿಲ್ಲವೆನ್ನಲಾರೆ, ಬಿಟ್ಟರೆ ಇನ್ನೂ ಅಪಾಯ.

“ಅದೇನವ್ವ, ಆಲ್ಕಾಲು?”

ವೈದ್ಯೆ ತಡವರಿಸಿದಳು. ಹಿಂದೆ ನಿಂತಿದ್ದ ಆಚಾರಿ, ಅನುಭವಿಯ ವಿನಯದಿಂದ ಹೇಳಿದ: “ಸಾರಾಯಿ ಕಣೆ. ಅಸಲಿ.”

ಪುಟ್ಟತಾಯಮ್ಮ ಮಂಚದಿಂದಿಳಿದು ಕೋಟು ತೊಟ್ಟಳು. “ನಡೀರಿ ಊರಿಗೆ.”

ಹೊರಗಿನ ಬೆಂಚಿನವರೆಗೆ ನಡೆಯುವಷ್ಟರಲ್ಲಿ ಎರಡು ಸಲ ನಿಂತಳು. ಸಾವಿನ ಭಯ ಅವಳಿಗಿರಲಿಲ್ಲವೆಂದರೆ ಸುಳ್ಳು. ಅದಕ್ಕಿಂತ ದೊಡ್ಡದೊಂದು ಭಯ ಪಕ್ಕದಲ್ಲೇ ಕೂತಿತ್ತು. “ಆ ನೀರು ನನ್ನೆದೆ ವಸ್ಲೇ ದಾಟುದ್ ಮ್ಯಾಲೆ, ನಿಮ್ಗೆ ಬ್ಯಾಡ ಅನ್ನಕ್ಕೆ ನಂಗ್ಯಾವ ಬಾಯದೆ?” ಎಂದಳು.

ಆಚಾರಿ ತನ್ನ ಸುಟ್ಟ ಬೆರಳುಗಳನ್ನು ಬೆಂಚಿನ ಮೇಲೆ ಊರಿದ. ಅವನು ಮಾತಿನವನಲ್ಲ. “ಐದೊರ್ಸ ನಿಂಗೆದ್ರಿ ಬುಟ್ಟಿದ್ದೆ. ಇವತ್ತಿಂದ ನಾನೇ ಬುಟ್ಟೆ. ಅಡಿಗಲ್ಲಾಣೆ. ಓಗ್ ಮನಿಕ್ಕ.” ಕಮ್ಮಾರನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟ ಆಣೆಯನ್ನು ಮತ್ತೆ ಕಾಯಿಸಿ ಬಗ್ಗಿಸಲಾಗದು. ಅವಳು ಎದ್ದು ಹೋಗಿ ಮಲಗಿದಳು.

ಚಿಕಿತ್ಸೆಯುದ್ದಕ್ಕೂ ಅವಳಿಗೆ ಎಚ್ಚರವಿತ್ತು. ಆ ಹನಿಗಳು ಬಿದ್ದು ಎದೆ ಕೆಂಡವಾದಾಗ ಅವಳು ಕೂಗಿದ್ದು ದೇವರನ್ನಲ್ಲ. “ಅಯ್ಯಯ್ಯೋ, ಇಂಗುರೀತದಲ್ಲ! ಇದ್ನ ಕಾಸು ಕೊಟ್ಟು ಕುಡೀತಾವಲ್ಲವ್ವ ಮುಂಡೇವು!” ನಗು ತಡೆದುಕೊಂಡು ಕೊಳವೆ ಹಿಡಿಯುವುದು ಎಷ್ಟು ಕಷ್ಟವೆಂದು ಹೇಮಶ್ರೀ ಆಮೇಲೆ ಹೇಳಿದಳಂತೆ.

ಆರು ತಿಂಗಳ ನಂತರ ಪರದೆಯ ಮೇಲೆ ಅದೇ ಹೃದಯ. ದಾರಿ ತೆರೆದಿತ್ತು. ವೈದ್ಯೆಗೆ ಇನ್ನೂ ಹೆಚ್ಚು ಸಂತೋಷ ಕೊಟ್ಟದ್ದು ಬೇರೊಂದು: “ಮೊದಲು ಇದಕ್ಕೆ ಹಿಂಡುವುದಷ್ಟೇ ಗೊತ್ತಿತ್ತು. ಈಗ ಸಡಿಲವಾಗಿ ತುಂಬಿಕೊಳ್ಳುತ್ತಿದೆ.”

“ತಿದೀನೂ ಅಂಗೇ ಕಣವ್ವ,” ಎಂದಳು ಪುಟ್ಟತಾಯಮ್ಮ. “ಒತ್ತಾದು ಯಾವನ್ಗಾದ್ರೂ ಬತ್ತದೆ. ತುಂಬ್ಕಳಕ್ಕೆ ಬುಡಾದೇ ಕಸುಬು.”

ಹರಕೆಗೆಂದು ಗಂಜಾಂನ ನಿಮಿಷಾಂಬೆಗೆ ಹೋದವಳು, ಅಲ್ಲಿಗೆ ನಿಲ್ಲದೆ ಕರಿಘಟ್ಟದ ಬೆಟ್ಟದ ಮೆಟ್ಟಿಲುಗಳನ್ನೂ ಹತ್ತಿದಳು. ನಡುವೆ ದಣಿದು ಕೂತವನು ಆಚಾರಿ. ಊರಿಗೆ ಮಾತ್ರ ಕೇಡುಗಾಲ: ಬೈಗುಳ ಈಗ ಪೂರ್ಣವಿರಾಮವಿಲ್ಲದ ಗದ್ಯವಾಗಿತ್ತು. “ಮೊದ್ಲು ನಮ್ಗೂ ವಸಿ ಉಸ್ರು ತಕ್ಕಳಕ್ಕೆ ಬುಡ್ತಿತ್ತು,” ಎಂದು ಕುಡುಕ ದಾಸಯ್ಯನಂಥ, ಅವಳ ಬೈಗುಳದ ಹಳೆಯ ಗಿರಾಕಿಗಳು ಗೋಳಾಡಿದರು.

ಸುದ್ದಿ ಬಸ್‌ಸ್ಟ್ಯಾಂಡಿನ ಸಾರಾಯಿ ಅಂಗಡಿಗೂ ಮುಟ್ಟದೆ ಇದ್ದೀತೇ? ಒಂದು ಸಂಜೆ ಅವಳು ಅತ್ತ ಹಾಯುವಾಗ ಅಂಗಡಿಯ ಕರಿಯಯ್ಯ ಗಿರಾಕಿಗಳಿಗೆಲ್ಲ ಕೇಳುವಂತೆ ಕೂಗಿದ: “ಏನಕ್ಕೋ, ನೀನೂ ಆಕ್ಕಂಡ್ಯಂತೆ? ನಂತಾವೇ ಕೇಳುದ್ರೆ ಪುಕ್ಕಟೆ ಕೊಡ್ತಿರ್ನಿಲ್ವ?”

ಜನ ಗೊಳ್ಳೆಂದರು. ಪುಟ್ಟತಾಯಮ್ಮ ನಿಂತಳು. ಈಗ ಉಸಿರಿಗಾಗಿ ನಿಲ್ಲಬೇಕಾದ್ದಿರಲಿಲ್ಲ. ಬಲಗೈ ಸೊಂಟಕ್ಕೆ, ಎಡಗೈ ಎದೆಗೆ. ಒಂದು, ಎರಡು, ಮೂರು.

“ಊಂ ಕಣ್ಲಾ ಕರಿಯ, ಆಕಿಸ್ಕಂಡೆ. ಒಂದೇ ಚಮ್ಚ. ಬಿದ್ ಜಾಗದಾಗಿದ್ದ ಮಾಂಸ ಸತ್ತೋಯ್ತು, ಡಾಕ್ಟ್ರವ್ವ ಟೀವೀಲಿ ತೋರ್ಸುದ್ಲು. ನಂಗೆ ಸಾಯ್‌ಬೇಕಾದ್ ಜಾಗ ನೋಡಿ ಬುಟ್ರು. ನಿನ್ ಪಾಕೀಟು ಜಾಗ ನೋಡ್ಕಂಡು ಬಿದ್ದದೇನ್ಲಾ?”

ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿದ್ದ ದಾಸಯ್ಯ, ಹರಿಯಲೂ ಆಗದೆ ಬಿಡಲೂ ಆಗದೆ ಹಾಗೇ ನಿಂತ. ಕೊನೆಗೆ ಅದನ್ನು ಅಂಗಡಿಯ ಹಲಗೆಯ ಮೇಲಿಟ್ಟು, “ವಾಪಸ್ ಮಡಿಕ್ಕಳಣ್ಣ,” ಎಂದ. ಅಂಗಡಿಯೇನೂ ಮುಚ್ಚಲಿಲ್ಲ, ಅದನ್ನು ಮುಚ್ಚಬೇಕಾದ ಸರ್ಕಾರದವರೇ ಅದರ ಹರಾಜು ಕೂಗುವವರು. ಆದರೆ ಆ ಸಂಜೆ ನಗು ಮುಂದುವರಿಯಲಿಲ್ಲ. ಕುಲುಮೆಯ ಕಡೆಯಿಂದ ಆಚಾರಿಯ ಸುತ್ತಿಗೆಯ ಸದ್ದು ಗುರಿ ತಪ್ಪದೆ ಕೇಳಿಬರುತ್ತಿತ್ತು.

ಊರನ್ನು ತಿದ್ದ ಹೊರಟ ಹೆಂಗಸರ ಬಾಯಿಯನ್ನು ನಾವೆಲ್ಲ ಬಲ್ಲೆವು, ಆಡಿಕೊಂಡು ನಗುತ್ತೇವೆ. ಆ ಬಾಯಿಗೆ ಗಾಳಿಯೂಡುವ ಎದೆ ಹೇಗಿದೆಯೆಂದು ಕೇಳಿದವರು ಕಮ್ಮಿ. ಅಂಥವರು ನಡುದಾರಿಯಲ್ಲಿ ಎದೆಗೆ ಕೈಯಿಟ್ಟು ನಿಂತರೆ, ಇನ್ನು ಸೋತಳು ಎಂದು ನಿಟ್ಟುಸಿರು ಬಿಡುವುದು ನಮ್ಮ ಅವಸರ. ಅವರು ತುಂಬಿಕೊಳ್ಳುತ್ತಿರುತ್ತಾರೆ.