ಮೆಲ್ಚೋರನ ಎಡಗಿವಿ

ಮಂಚದ ಕೆಳಗೆ ಅರ್ಧ ಮೈ ತೂರಿಸಿ ಹೊವಿತಾ ರಾಜನ ಗಡ್ಡಕ್ಕಾಗಿ ತಡಕಾಡುತ್ತಿದ್ದಳು. ಕೈಗೆ ಮೊದಲು ಸಿಕ್ಕಿದ್ದು ಗಂಡನ ಹಳೇ ಬೂಟು. ಆಮೇಲೆ ಸತ್ತ ಜಿರಲೆ. ಕೊನೆಗೆ ಪ್ಲಾಸ್ಟಿಕ್ ಚೀಲದಲ್ಲಿ ನೀಟಾಗಿ ಮಡಿಸಿಟ್ಟ ಬಿಳಿ ಗಡ್ಡ.

"ಸಿಕ್ತೇನಮ್ಮಾ, ಡೋನ್ಯಾ ಹೊವಿತಾ?" ಬಾಗಿಲಲ್ಲಿ ನಿಂತಿದ್ದ ಚೆಮಾ ಕೇಳಿದ. ಹಸಿರು ಮಕಮಲ್ಲಿನ ನಿಲುವಂಗಿ, ಕಂಕುಳಲ್ಲಿ ರಟ್ಟಿನ ಕಿರೀಟ. ಗಾಸ್ಪರ್ ರಾಜನ ವೇಷದಲ್ಲೇ ಸಾವಿನ ಮನೆಗೆ ಬಂದಿದ್ದ.

"ನಿಮ್ಮ ಫೋಟೋದವನಿಗೆ ನಾಚಿಕೆ ಅನ್ನೋದಿದೆಯೇನಯ್ಯಾ? ಹೆಣ ಇನ್ನೂ ಮನೇಲಿದೆ, ಗಡ್ಡ ತಾ ಅಂತ ಆಳು ಕಳಿಸಿದ್ದಾನೆ."

"ನಾನೇನು ಮಾಡ್ಲಿ ಹೇಳಿ? ಇವತ್ತು ಜನವರಿ ಐದು. ಮಕ್ಕಳ ಸಾಲು ಚೌಕದಿಂದ ಚರ್ಚಿನ ತನಕ ಹೋಗಿದೆ. ಇಬ್ಬರೇ ರಾಜರು ಕೂತಿದ್ರೆ ಅವು ಸುಮ್ನೆ ಬಿಡ್ತವಾ? ಬೆಳಗ್ಗೆ ಒಂದು ಪುಟಾಣಿ ಕೇಳ್ತು, ಮೂರನೆಯವನನ್ನ ಅಲ್ಲಿ ನಿಲ್ಲಿಸಿರೋ ಬೊಂಬೆ ಆನೆ ತಿಂದ್ಬಿಡ್ತಾ ಅಂತ."

ಹೊವಿತಾಳಿಗೆ ನಗು ಬಂತು. ಗಂಡ ಸತ್ತ ಮರುದಿನವೇ ನಗು ಬರುತ್ತದಲ್ಲ ಎಂದು ತನ್ನ ಮೇಲೇ ಸಿಟ್ಟೂ ಬಂತು. ಆ ರಾತ್ರಿಯೇ, ಹಿಂದೆ ಬಾಲಯೇಸುವಿಗೆ ಕಾಣಿಕೆ ತಂದಿದ್ದ ಮೂವರು ರಾಜರು ಮನೆಮನೆಗೂ ಬಂದು ಮಕ್ಕಳ ಬೂಟಿನ ಪಕ್ಕ ಉಡುಗೊರೆ ಇಟ್ಟು ಹೋಗಬೇಕು. ಅದಕ್ಕೆ ಮೊದಲು ಮೆಕ್ಸಿಕೋದ ಈ ಟೊಲೂಕಾ ಊರಿನ ಮಕ್ಕಳೆಲ್ಲ ಚೌಕಕ್ಕೆ ಬಂದು, ತಮಗೆ ಬೇಕಾದ ರಾಜನ ತೊಡೆಯೇರಿ, ಕಿವಿಯಲ್ಲಿ ಆಸೆ ಹೇಳಿ, ಫೋಟೋ ತೆಗೆಸಿಕೊಂಡು ಹೋಗಬೇಕು. ಹತ್ತೊಂಬತ್ತು ವರ್ಷ ಅವಳ ಗಂಡ ಎಲಿಹಿಯೋ ಅಲ್ಲಿ ಮೆಲ್ಚೋರ್ ರಾಜನಾಗಿ ಕೂತಿದ್ದ. ವರ್ಷದ ಉಳಿದ ದಿನಗಳಲ್ಲಿ ಬೀದಿ ಬೀದಿ ಸುತ್ತಿ ಚಾಕು ಸಾಣೆ ಹಿಡಿಯುತ್ತಿದ್ದ.

"ಯಾರು ಕಟ್ಕೋತಾರೆ ಇದನ್ನ?"

"ಫೋಟೋದವನ ಬಾವಮೈದ. ಆ ಕಟುಕ."

"ಬಾಚಿ ಕಟ್ಕೊಳ್ಳೋಕೆ ಹೇಳು. ಸಾರು ತಾಗಿಸಬೇಡ ಅನ್ನು," ಎಂದು ಗಡ್ಡವನ್ನು ಅವನ ಕೈಗಿಟ್ಟಳು. ಚೆಮಾ ಅದನ್ನು ನಿಲುವಂಗಿಯೊಳಗೆ ಸೇರಿಸಿದ. ಹೋಗಲು ಮಾತ್ರ ಮನಸ್ಸು ಬರಲಿಲ್ಲ. "ಎತ್ತೋ ತನಕ ಇರ್ತೀನಿ. ಕಾಯ್ಲಿ ಆ ಕಟುಕ," ಎಂದ.

ಮುಂದಿನ ಕೋಣೆಯಲ್ಲಿ ನಾಲ್ಕು ಮೇಣದ ಬತ್ತಿಗಳ ನಡುವೆ ಪೆಟ್ಟಿಗೆ ಇತ್ತು. ಅದರ ಕೆಳಗೆ ನೆಲದ ಮೇಲೆ ಸುಣ್ಣದಲ್ಲಿ ಬರೆದ ಶಿಲುಬೆ. ಪಕ್ಕದ ಮನೆಯ ಚಾಯೋ ದಾಲ್ಚಿನ್ನಿ ಹಾಕಿದ ಕಾಫಿಯನ್ನು ಎಲ್ಲರಿಗೂ ಬಗ್ಗಿಸಿ ಕೊಡುತ್ತಿದ್ದಳು. ಜಪ ಮುಗಿದಿತ್ತು, ಸ್ಮಶಾನದ ಗಾಡಿ ಇನ್ನೂ ಬಂದಿರಲಿಲ್ಲ. ಇಂಥ ಹೊತ್ತಲ್ಲಿ ಜನ ಸುಮ್ಮನಿರುತ್ತಾರೆಯೇ?

"ನಮ್ಮ ಚಿಕ್ಕವಳು ಹೋದ ವರ್ಷ ಇವರ ಹತ್ರ ಏನು ಕೇಳಿದ್ಳು ಗೊತ್ತಾ?" ಬೇಕರಿಯವಳು ಶುರು ಮಾಡಿದಳು. "ಒಂದು ಅತ್ತೆ ಬೇಕಂತೆ! ಅವಳು ಹಟ ಮಾಡಿದಾಗೆಲ್ಲ ನಾನು ಬೈತಿದ್ದೆ, ನಿನಗೂ ಒಬ್ಬಳು ಅತ್ತೆ ಸಿಗ್ಲಿ, ಆಗ ಗೊತ್ತಾಗುತ್ತೆ ಅಂತ. ಇವಳು ಅದೇನೋ ಒಳ್ಳೇ ಸಾಮಾನು ಅಂದ್ಕೊಂಡಿದ್ದಾಳೆ."

ಪಕ್ಕದಲ್ಲೇ ಕೂತಿದ್ದ ಅವಳ ಅತ್ತೆ ಕಾಫಿ ಲೋಟ ಕೆಳಗಿಟ್ಟಳು.

"ನಮ್ಮವನು ಕಸದ ಲಾರಿ ಕೇಳಿದ್ದ," ಎಂದ ಇನ್ನೊಬ್ಬ. "ಆಟದ್ದಲ್ಲ, ನಿಜವಾದದ್ದು. ಗಂಟೆ ಹೊಡೆಯೋ ಆಳು ಸಮೇತ. ಆ ಆಳು ಎಲ್ಲಿ ಮಲಗ್ತಾನೋ ಅಂದ್ರೆ, ಅಜ್ಜಿ ಜಾಗದಲ್ಲಿ, ಅಜ್ಜೀನ ಲಾರೀಲಿ ಮಲಗಿಸೋಣ ಅಂದ."

"ಎಲಿಹಿಯೋ ಎಲ್ಲಾದಕ್ಕೂ ಎಷ್ಟು ಗಂಭೀರವಾಗಿ ತಲೆ ಆಡಿಸ್ತಿದ್ರು ಅಂತೀನಿ! ಮಕ್ಕಳ ಮಾತನ್ನ ಅಷ್ಟು ಕಿವಿಗೊಟ್ಟು ಕೇಳೋರು ಈ ಊರಲ್ಲಿ ಇನ್ಯಾರಿದ್ದಾರೆ?" ಎಂದಳು ಚಾಯೋ.

ಹೊವಿತಾ ನೆಟ್ಟಗೇ ಇದ್ದ ಮೇಣದ ಬತ್ತಿಯನ್ನು ಮತ್ತೆ ನೆಟ್ಟಗೆ ಮಾಡಲು ಹೋದಳು. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹೆಂಗಸು ಏದುಸಿರು ಬಿಡುತ್ತ ನಿಂತಳು. ಓಡಿ ಬಂದಿದ್ದಳು ಅಂತ ಕಾಣುತ್ತದೆ. ಲಾಂಡ್ರಿಯಲ್ಲಿ ಕೆಲಸ ಮಾಡುವ ಮಾರಿಸೊಲ್. ಒದ್ದೆಯಲ್ಲಿ ಊದಿದ ಅವಳ ಕೈ ಹಿಡಿದು ಆರು ವರ್ಷದ ಮಗಳು ಶೋಚಿ ನಿಂತಿದ್ದಳು, ಕೆಂಪು ಉಲ್ಲನ್ ಟೋಪಿ ಹುಬ್ಬಿನ ತನಕ ಇಳಿದಿತ್ತು.

"ಡೋನ್ಯಾ, ಕ್ಷಮಿಸಿ. ಇವತ್ತು ಬರಬಾರದಿತ್ತು, ಗೊತ್ತು. ಆದರೆ ನಾಳೆ ಬಂದ್ರೆ ಪ್ರಯೋಜನ ಇಲ್ಲ." ಮಾರಿಸೊಲ್ ಹೊವಿತಾಳ ಎರಡೂ ಕೈ ಹಿಡಿದುಕೊಂಡಳು. "ಮೊನ್ನೆ ಸಾಯಂಕಾಲ ನನ್ನ ಮಗಳು ನಿಮ್ಮ ಯಜಮಾನರ ಕಿವೀಲಿ ಏನೋ ಹೇಳಿದ್ಳು. ಅವರು ಮನೆಗೆ ಬಂದು ನಿಮಗೆ ಹೇಳಿರಬೇಕು. ಏನು ಕೇಳಿದ್ಳು? ದಮ್ಮಯ್ಯ, ಹೇಳಿ."

"ಮಗೂನೇ ಕೇಳಮ್ಮ, ಹೆಣದ ಮುಂದೆ ಯಾಕೆ ರಂಪ?" ಎಂದು ಚಾಯೋ ಗದರಿದಳು.

"ಮಾತಾಡಿದ್ರೆ ತಾನೆ ಕೇಳೋದು!" ಮಾರಿಸೊಲ್‌ಳ ದನಿ ಏರಿತು. "ಒಂಬತ್ತು ತಿಂಗಳಾಯ್ತು ಇವಳು ಬಾಯಿ ಬಿಟ್ಟು. ಏಪ್ರಿಲ್‌ನಲ್ಲಿ ನಾನು ಕೆಲಸಕ್ಕೆ ಹೋಗಿದ್ದಾಗ ಇವಳಪ್ಪ ಗಂಟು ಕಟ್ಕೊಂಡು ಅಮೆರಿಕದ ಗಡಿ ದಾಟೋಕೆ ಹೋದ. ಮನೇಲಿ ಇವಳೊಬ್ಬಳೇ ಇದ್ಳು. ಬಂದು ನೋಡ್ತೀನಿ, ಬಾಗಿಲ ಹತ್ರ ಕೂತಿದ್ದಾಳೆ, ಮಾತಿಲ್ಲ. ಅವನ ಸುದ್ದೀನೂ ಇಲ್ಲ, ಇವಳ ಮಾತೂ ಇಲ್ಲ. ಡಾಕ್ಟರಾಯ್ತು, ಹರಕೆ ಆಯ್ತು, ಮಂತ್ರ ಹಾಕೋಳ ಹತ್ರ ಮೊಟ್ಟೆ ಇಳಿ ತೆಗೆಸಿದ್ದಾಯ್ತು. ಏನೂ ಇಲ್ಲ. ಮೊನ್ನೆ ಆ ತೊಡೆ ಮೇಲೆ ಕೂತು ಇವಳ ತುಟಿ ಆಡಿತು ಡೋನ್ಯಾ! ನಾನು ನೋಡಿದೆ. ಅವರ ಕಿವಿಗೆ ಬಾಯಿಟ್ಟು ಎಷ್ಟು ಹೊತ್ತು ಹೇಳಿದ್ಳು! ಕೆಳಗಿಳಿದವಳು ಮತ್ತೆ ಬಾಯಿ ಮುಚ್ಚಿಬಿಟ್ಳು."

ಚಾಯೋ ಕುರ್ಚಿಯೊಂದನ್ನು ಅವಳತ್ತ ಸರಿಸಿದಳು, ಮಾರಿಸೊಲ್ ಕೂರಲಿಲ್ಲ.

"ನಾಳೆ ಬೆಳಗ್ಗೆ ಎದ್ದು ಬೂಟಿನ ಹತ್ರ ಹೋಗ್ತಾಳೆ. ಅಲ್ಲಿ ಬೇರೇನೋ ಇದ್ರೆ? ನಂಬಿದ್ದು ಆ ರಾಜನೊಬ್ಬನನ್ನೇ. ಅವನೂ ಮೋಸ ಮಾಡಿದ ಅಂತಾದ್ರೆ ಇವಳು ಇನ್ಯಾವತ್ತೂ ಮಾತಾಡಲ್ಲ. ಅದು ನನಗೆ ಗೊತ್ತು. ಏನಾದ್ರೂ ಸರಿ, ಆನೆ ಕೇಳಿದ್ರೂ ತರ್ತೀನಿ. ಏನು ಅಂತ ಹೇಳಿಬಿಡಿ."

* * *

ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ, ಹೊವಿತಾ ಹೊರಗೆ ಬಟ್ಟೆ ಹರವುತ್ತ, ಒಲೆಯ ಪಕ್ಕ ಕೂತಿದ್ದ ಗಂಡನಿಗೆ "ಹಾಲು ನೋಡಿ" ಎಂದು ಕೂಗಿದ್ದಳು. ಮೂರು ಸಲ ಕೂಗಿದಳು. ಹಾಲು ಉಕ್ಕಿ ಒಲೆ ಆರಿತು. ಒಳಗೆ ಬಂದವಳು ಅವನ ಎಡಗಿವಿಯ ಹತ್ತಿರವೇ ಕಿರುಚಿದಳು. ಎಲಿಹಿಯೋ ಕಿಟಕಿಯಾಚೆ ನೋಡುತ್ತ ತನ್ನ ಪಾಡಿಗೆ ತಾನು ಬ್ರೆಡ್ಡು ಅದ್ದಿ ತಿನ್ನುತ್ತಿದ್ದ.

ಕೊನೆಗೆ ಅವನು ಒಪ್ಪಿಕೊಂಡ. ಒಂದು ಹಬ್ಬದಲ್ಲಿ ಬಾಣದ ಪಟಾಕಿ ಪಕ್ಕದಲ್ಲೇ ಸಿಡಿದ ಮೇಲೆ ಆ ಕಿವಿ ಹೋಗಿ ಮೂರು ವರ್ಷವಾಗಿತ್ತು. ಬಲಗಿವಿಯೂ ಮಂದವಾಗಿತ್ತು, ಅದರ ಪಕ್ಕದಲ್ಲೇ ಮಾತಾಡಿದರಷ್ಟೇ ಕೇಳಿಸುತ್ತಿತ್ತು.

"ಮಕ್ಕಳು ಅದೇ ಕಡೆ ಅಲ್ವೇನ್ರೀ ಕೂರೋದು?"

"ಬಲಗಡೆ ಬಣ್ಣದ ಆನೆ ನಿಲ್ಲಿಸಿದ್ದಾನಲ್ಲ ಫೋಟೋದವನು. ಜಾಗ ಎಲ್ಲಿದೆ?"

"ಗಟ್ಟಿಯಾಗಿ ಹೇಳು ಅನ್ನಬಾರದಾ?"

"ಗುಟ್ಟು ಕಣೆ ಅದು. ಗಟ್ಟಿಯಾಗಿ ಹೇಳಿಸಿದ್ರೆ ಯಾವ ರಾಜ ನಾನು?"

ಹೊವಿತಾಳಿಗೆ ಆಗ ಹೊಳೆದದ್ದೇ ಬೇರೆ. ಪ್ರತಿ ಡಿಸೆಂಬರ್ ಸಂಜೆ ಗಡ್ಡ ಬಿಚ್ಚಿ, ಸಾರಿನ ತಟ್ಟೆಯ ಮುಂದೆ ಕೂತು, ಅವನು ಆ ದಿನದ ಆಸೆಗಳನ್ನೆಲ್ಲ ಹೇಳುತ್ತಿದ್ದ. ಒಬ್ಬಳಿಗೆ ತಮ್ಮ ಬೇಕಂತೆ, ಆದರೆ ರಸೀದಿ ಸಮೇತ, ಇಷ್ಟವಾಗದಿದ್ದರೆ ವಾಪಸ್ ಕೊಡೋಕೆ. ಒಬ್ಬನಿಗೆ ಶುಕ್ರವಾರ ಒಂದೇ ದಿನ ಟೀಚರಿಗೆ ದಡಾರ ಬರಬೇಕಂತೆ. ಒಂದೇ ಕೋಣೆಯಲ್ಲಿ ಒಂಬತ್ತು ಜನರ ಜೊತೆ ಇರುವ ಹುಡುಗನಿಗೆ ಒಂದು ಬಾಗಿಲು ಬೇಕಂತೆ. ಮನೆ ಬೇಡ, ಬಾಗಿಲಷ್ಟೇ, ಚಿಲಕ ಒಳಗಡೆ ಇರಬೇಕು. ಅವಳಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಮಕ್ಕಳಿಲ್ಲದ ಮನೆಯಲ್ಲಿ ಊರ ಮಕ್ಕಳೆಲ್ಲ ಊಟಕ್ಕೆ ಕೂತಂತೆ ಇರುತ್ತಿತ್ತು.

"ಹಾಗಾದ್ರೆ ಈ ಮೂರು ವರ್ಷ ನನಗೆ ಹೇಳಿದ್ದು?"

"ಕಟ್ಟಿ ಹೇಳಿದ್ದು," ಎಂದ ಎಲಿಹಿಯೋ, ತಲೆ ತಗ್ಗಿಸಿ. "ನೀನು ಕಾಯ್ತಾ ಕೂತಿರ್ತಿದ್ದೆಯಲ್ಲ."

ಎರಡು ದಿನ ಅವನೊಂದಿಗೆ ಮಾತು ಬಿಟ್ಟಳು. ಮೂರನೇ ದಿನ ಸಾರು ಬಡಿಸಿ, ಅವನ ಬಲಗಡೆ ಬಂದು ಕೂತು, "ಇವತ್ತು ಏನು ಕೇಳಿದ್ವು?" ಎಂದಳು. ಅಂದಿನಿಂದ ಆ ಸುಳ್ಳಿನಲ್ಲಿ ಅವಳೂ ಪಾಲುದಾರಳು. ಕೊಂಡುಕೊಡುವವರು ಹೇಗೂ ತಾಯಂದಿರು, ರಾಜನಿಗೆ ಕೇಳಿಸಿದರೆಷ್ಟು ಬಿಟ್ಟರೆಷ್ಟು ಎಂದು ಸಮಾಧಾನ ಮಾಡಿಕೊಂಡಿದ್ದಳು.

ಮೊನ್ನೆ ಸಂಜೆ ಅವನು ಸಾರು ಮುಟ್ಟಲಿಲ್ಲ. "ಕೆಂಪು ಟೋಪಿಯ ಒಂದು ಹುಡುಗಿ ಬಹಳ ಹೊತ್ತು ಹೇಳಿತು ಕಣೆ. ನನ್ನ ಕಿವಿಯೆಲ್ಲ ಬೆಚ್ಚಗಾಯ್ತು," ಎಂದ.

"ಏನಂತೆ?"

ಅವನು ತಟ್ಟೆಯನ್ನು ದೂರ ಸರಿಸಿದ. "ಇದನ್ನ ಕಟ್ಟೋಕೆ ಆಗ್ಲಿಲ್ಲ," ಎಂದು ಹೋಗಿ ಮಲಗಿಕೊಂಡ. ಬೆಳಗ್ಗೆ ಏಳಲಿಲ್ಲ.

* * *

"ಹೇಳಿ ಡೋನ್ಯಾ," ಮಾರಿಸೊಲ್ ಅವಳ ಕೈಗಳನ್ನು ಜಗ್ಗಿದಳು. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಹೆಗಲು ಕೊಡುವ ನಾಲ್ವರು ಟೋಪಿ ಕಳಚಿ ಒಳಗೆ ಬಂದು ಗೋಡೆಗೆ ಒರಗಿದರು.

"ಗೊಂಬೆ ಇರಬೇಕು," ಎಂದಳು ಚಾಯೋ, ಮೆತ್ತಗಾಗಿ.

"ಕೂದಲು ಬಾಚೋಕೆ ಬರೋ ಗೊಂಬೆ. ಈ ವರ್ಷ ಎಲ್ಲಾ ಹುಡುಗೀರೂ ಅದನ್ನೇ ಕೇಳ್ತಿರೋದು," ಎಂದ ಚೆಮಾ. ಹೊವಿತಾಳ ಕಡೆ ತಿರುಗಿ ಕಣ್ಣಲ್ಲೇ ಒತ್ತಾಯಿಸಿದ: ಹೇಳಿಬಿಡಿ, ಅದನ್ನೇ ಹೇಳಿ ಮುಗಿಸಿಬಿಡಿ.

ಹೇಳಬಹುದಿತ್ತು. ಆಸೆ ಕಟ್ಟುವುದು ಹೇಗೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಯಾರೂ ಉಳಿದಿರಲಿಲ್ಲ. ಗೊಂಬೆ ಎನ್ನಬಹುದು. ನಾಯಿಮರಿ ಎನ್ನಬಹುದು. ತಾಯಿ ಸಂತೋಷದಿಂದ ಓಡುತ್ತಾಳೆ, ಎಲಿಹಿಯೋ ಮರ್ಯಾದೆಯಾಗಿ ಮಣ್ಣಿಗೆ ಹೋಗುತ್ತಾನೆ. ನಾಳೆ ಬೆಳಗ್ಗೆ ಈ ಹುಡುಗಿ ಬೂಟಿನ ಪಕ್ಕ ಕೂತು ಗೊಂಬೆಯನ್ನು ನೋಡುತ್ತಾಳೆ. ಆಮೇಲೆ? ಹೊವಿತಾ ತುಟಿ ತೆರೆದಳು.

"ಅವಳು ಕೇಳಿದ್ದು..."

ಶೋಚಿ ಟೋಪಿಯ ಕೆಳಗಿನಿಂದ ಅವಳನ್ನೇ ದಿಟ್ಟಿಸುತ್ತಿದ್ದಳು. ಹೊವಿತಾ ಮಾರಿಸೊಲ್ ಹಿಡಿದಿದ್ದ ತನ್ನ ಕೈಗಳನ್ನು ಬಿಡಿಸಿಕೊಂಡಳು.

"ಅವರಿಗೆ ಕೇಳಿಸಲಿಲ್ಲಮ್ಮ," ಎಂದಳು. "ಆ ಕಿವಿ ಕಿವುಡು. ಐದು ವರ್ಷದಿಂದ ಅವರಿಗೆ ಯಾವ ಮಗು ಹೇಳಿದ್ದೂ ಕೇಳಿಸಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ."

ಬೇಕರಿಯವಳ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. "ಹಾಗಾದ್ರೆ ನಮ್ಮ ಮಕ್ಕಳು... ಅಷ್ಟೂ ವರ್ಷ..." ಎಂದು ಯಾರೋ ಹಿಂದಿನಿಂದ ಗೊಣಗಿದರು. ಚೆಮಾ ಮುಖ ಕೆಂಪಗೆ ಮಾಡಿಕೊಂಡು, "ಏನು ಮಾತು ಅಂತ ಆಡ್ತೀರಿ? ಹೊರಡೋ ಹೊತ್ತಲ್ಲಿ ಗಂಡನ ಮಾನ ತೆಗೀತೀರಾ?" ಎಂದು ರೇಗಿದ. ಪೆಟ್ಟಿಗೆಯ ಕಡೆ ನೋಡುವ ಧೈರ್ಯ ಹೊವಿತಾಳಿಗೆ ಇರಲಿಲ್ಲ.

ಮಾರಿಸೊಲ್ ಗೋಡೆ ಹಿಡಿದು ಕೆಳಗೆ ಕುಸಿದಳು. ಅಳಲಿಲ್ಲ. "ಅದೂ ಹೋಯ್ತಾ," ಎಂದಳು, ಅಷ್ಟೇ. "ಒಂದೇ ಒಂದು ಸಲ ಮಾತಾಡಿದ್ಳು ದೇವರೇ. ಅದೂ ಹೋಯ್ತಾ."

"ನಂಗೊತ್ತಿತ್ತು."

ಯಾರು ಹೇಳಿದ್ದೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ತುಕ್ಕು ಹಿಡಿದ ಬೀಗ ತೆಗೆದಂಥ ಒರಟು ದನಿ. ಮಾರಿಸೊಲ್ ಮಾತ್ರ ತಲೆಯೆತ್ತಿ ಮಗಳ ಬಾಯನ್ನೇ ನೋಡಿದಳು, ಅಲುಗಾಡದೆ.

"ಬಲೂನು ಒಡೀತು, ಅವರ ಪಕ್ಕದಲ್ಲೇ," ಎಂದಳು ಶೋಚಿ. "ಎಲ್ರೂ ಬೆಚ್ಚಿಬಿದ್ರು. ರಾಜ ಬೆಚ್ಚಲಿಲ್ಲ. ಅದಕ್ಕೇ ಅವರ ಹತ್ರ ಹೋದೆ."

"ಯಾಕೆ ಮಗಳೇ?" ಹೊವಿತಾ ಮೆಲ್ಲನೆ ಕೇಳಿದಳು.

"ಯಾರಿಗೂ ಕೇಳಿಸಬಾರದು ಅಂತ ಅಪ್ಪ ಹೇಳಿದ್ದಾನೆ. ಅಮ್ಮಂಗಂತೂ ಕೇಳಿಸಲೇಬಾರದು ಅಂತ. ಆಣೆ ಹಾಕಿಸ್ಕೊಂಡಿದ್ದಾನೆ." ಹುಡುಗಿ ಮೂಗೊರೆಸಿಕೊಂಡಳು. "ನಂಗೆ ಏನೂ ಬೇಡ. ಹೇಳಬೇಕಿತ್ತು, ಅಷ್ಟೇ. ಹೊಟ್ಟೆ ನೋಯ್ತಿತ್ತು."

ಹೆಗಲು ಕೊಡುವವರು ಮುಖ ಮುಖ ನೋಡಿಕೊಂಡರು. ಹೊತ್ತಾಗುತ್ತಿತ್ತು. ಹೊವಿತಾ ತಲೆಯಾಡಿಸಿದ ಮೇಲೆ ಅವರು ಬಗ್ಗಿ ಪೆಟ್ಟಿಗೆಯನ್ನು ಹೆಗಲಿಗೇರಿಸಿದರು. ಚೆಮಾ ಇನ್ನೂ ಸಿಟ್ಟಿನಲ್ಲೇ ಪೆಟ್ಟಿಗೆಯ ಒಂದು ಮೂಲೆಗೆ ಕೈ ಹಚ್ಚಿದ. ಜನ ಒಬ್ಬೊಬ್ಬರಾಗಿ ಹಿಂದೆ ಹೊರಟರು. ಚಾಯೋ ಕಪ್ಪು ಶಾಲು ತಂದು ಹೊವಿತಾಳ ಹೆಗಲಿಗೆ ಹಾಕಿ, "ಬಾ, ನಡಿ," ಎಂದು ತೋಳು ಹಿಡಿದಳು.

ಹೊಸಿಲು ದಾಟುವ ಮೊದಲು ಹೊವಿತಾ ತಿರುಗಿ ನೋಡಿದಳು. ಖಾಲಿ ಕೋಣೆಯಲ್ಲಿ ಮಾರಿಸೊಲ್ ಮಗಳ ಮುಂದೆ ಮೊಣಕಾಲೂರಿ ಕೂತಿದ್ದಳು. ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ಊದಿದ ಎರಡೂ ಅಂಗೈಗಳನ್ನು ಕಿವಿಗಳ ಮೇಲೆ ಒತ್ತಿ ಹಿಡಿದಿದ್ದಳು, ಬೆರಳ ಗೆಣ್ಣುಗಳು ಬೆಳ್ಳಗಾಗುವಷ್ಟು ಗಟ್ಟಿಯಾಗಿ. ಶೋಚಿ ಆ ಕೈಯನ್ನೊಮ್ಮೆ ಎಳೆದು ನೋಡಿದಳು. ಅದು ಬರಲಿಲ್ಲ. ಆಮೇಲೆ ಅವಳು ಟೋಪಿ ತೆಗೆದು ಪಕ್ಕಕ್ಕಿಟ್ಟು, ಅಮ್ಮನ ಕೈಯ ಮೇಲೆ ಬಾಯಿಟ್ಟು, ಹೇಳಲು ಶುರು ಮಾಡಿದಳು.